ನೇತಾಜಿ ಹೋಗಿದ್ದ ಯು-180: ಆರು ಇಂಜಿನ್‌ನ ಜರ್ಮನ್ ಸಬ್‌ಮರೀನ್‌ನ ಪೂರ್ತಿ ಕಥೆ

ಪ್ರಶ್ನೆ: ಸರ್, ನೇತಾಜಿನ ಜರ್ಮನಿಯಿಂದ ಕರ್ಕೊಂಡು ಹೋದ ಸಬ್‌ಮರೀನ್ ಅವರಿಗೋಸ್ಕರಾನೇ ಸ್ಪೆಷಲ್ ಆಗಿ ಕಟ್ಟಿದ್ದು, ಹಿಟ್ಲರ್ ಹತ್ರ ಇದ್ದ ಬೆಸ್ಟ್ ಸಬ್‌ಮರೀನ್ ಅದೇ ಅಂತ ಒಂದು ವಿಡಿಯೋದಲ್ಲಿ ನೋಡ್ದೆ. ನಿಜಾನಾ? ಮೂರು ತಿಂಗಳು ನೀರೊಳಗೇ ಇದ್ರಾ? ನೇರ ಜಪಾನ್‌ಗೇ ಯಾಕೆ ಬಿಡ್ಲಿಲ್ಲ? ಆಮೇಲೆ ಆ ಸಬ್‌ಮರೀನ್ ಏನಾಯ್ತು?

ಉತ್ತರ:

ನಾಲ್ಕು ಪ್ರಶ್ನೆ ಒಂದೇ ಉಸಿರಲ್ಲಿ ಕೇಳಿದ್ದೀರಾ, ಉತ್ತರ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ನನ್ನ ಸರ್ವಿಸೆಲ್ಲಾ ಹಡಗಿನ ಡೀಸಲ್ ಇಂಜಿನ್ ಜೊತೆನೇ ಕಳೆದಿದ್ದು, ಅದಕ್ಕೇ ಮಾತು ಪದೇ ಪದೇ ಇಂಜಿನ್ ರೂಮ್ ಕಡೆಗೇ ವಾಲುತ್ತೆ. ಆದ್ರೆ ಈ ಸಬ್‌ಮರೀನ್ ವಿಷಯದಲ್ಲಿ ಅದು ತಪ್ಪೇನಲ್ಲ ಬಿಡಿ, ಇಂಜಿನ್ ಬಿಟ್ರೆ ಇದರ ಕಥೆನೇ ಅರ್ಥ ಆಗಲ್ಲ.

ಮೊದ್ಲು "ಸ್ಪೆಷಲ್ ಆಗಿ ಕಟ್ಟಿದ್ದು" ಅನ್ನೋದನ್ನ ಪಕ್ಕಕ್ಕಿಡೋಣ. ಸಬ್‌ಮರೀನ್ ಹೆಸ್ರು ಯು-180. ಬ್ರೆಮೆನ್ ಊರಿನ ಎಜಿ ವೆಸರ್ ಯಾರ್ಡಲ್ಲಿ ಇದರ ಕೀಲ್, ಅಂದ್ರೆ ತಳದ ಬೆನ್ನೆಲುಬು, ಇಟ್ಟಿದ್ದು 1941ರ ಫೆಬ್ರವರಿಲಿ. ಆವಾಗ ಸುಭಾಷ್ ಚಂದ್ರ ಬೋಸ್ ಎಲ್ಲಿದ್ರು? ಜನವರಿಲಿ ಕಲ್ಕತ್ತಾ ಮನೆಯಿಂದ ತಪ್ಪಿಸ್ಕೊಂಡು ಪೇಶಾವರ ದಾಟಿ ಕಾಬೂಲ್‌ಗೆ ಹೋಗಿ, ಮುಂದಕ್ಕೆ ಹೋಗೋ ಕಾಗದ ಪತ್ರಕ್ಕೋಸ್ಕರ ಅಲ್ಲೇ ಕಾಯ್ತಾ ಕೂತಿದ್ರು. ಬರ್ಲಿನ್ ಮುಟ್ಟಿದ್ದು ಏಪ್ರಿಲ್‌ನಲ್ಲಿ. ಸಬ್‌ಮರೀನ್ ನೀರಿಗೆ ಬಿಟ್ಟಿದ್ದು ಅದೇ ವರ್ಷ ಡಿಸೆಂಬರ್ 10ಕ್ಕೆ, ನೌಕಾಪಡೆಗೆ ಸೇರಿದ್ದು 1942ರ ಮೇ 16ಕ್ಕೆ. ಅಂದ್ರೆ ಇವರು ಜರ್ಮನಿಗೆ ಕಾಲಿಡೋಕೆ ಮುಂಚೆನೇ ಆರ್ಡರ್ ಆಗಿ ಕೆಲ್ಸ ಶುರುವಾಗಿದ್ದ ಸಬ್‌ಮರೀನ್ ಅದು.

ಇನ್ನು "ಬೆಸ್ಟ್" ಅನ್ನೋದು. ಇಲ್ಲಪ್ಪ. ಒಂದು ಹೊಸ ಐಡಿಯಾನ ಟ್ರೈ ಮಾಡೋಕೆ ಹೋಗಿ ಕೈ ಸುಟ್ಕೊಂಡ ಡಿಸೈನ್ ಇದು. ಎಷ್ಟು ಸುಟ್ಕೊಂಡ್ರು ಅಂದ್ರೆ ಈ ಮಾಡೆಲ್‌ನಲ್ಲಿ ಕಟ್ಟಿದ್ದೇ ಎರಡು, ಯು-180 ಮತ್ತೆ ಯು-195, ಅಲ್ಲಿಗೇ ನಿಲ್ಲಿಸಿದ್ರು.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಜರ್ಮನ್ನರ ಮಾಮೂಲಿ ಸಬ್‌ಮರೀನ್ ಅಂದ್ರೆ ಟೈಪ್ 7, ಅಟ್ಲಾಂಟಿಕ್‌ನಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಗುಂಪು ಕಟ್ಕೊಂಡು ಬೀಳ್ತಿದ್ದಿದ್ದು ಇವೇ, ಚಿಕ್ಕದು, ಚುರುಕು, ನೂರಾರು ಕಟ್ಟಿದ್ರು. ದೂರ ಹೋಗೋಕೆ ಅಂತ ಅದಕ್ಕಿಂತ ದೊಡ್ಡದು ಟೈಪ್ 9. ಅದರಲ್ಲೂ 9ಸಿ ಅನ್ನೋದು ಸುಮಾರು 77 ಮೀಟರ್ ಉದ್ದ. ಅದನ್ನ ಇನ್ನೂ ಹಿಗ್ಗಿಸಿ, ಆಫ್ರಿಕಾದ ತುದಿ ಸುತ್ತಿ ಹಿಂದೂ ಮಹಾಸಾಗರದವರೆಗೂ ಹೋಗೋ ಹಾಗೆ ಮಾಡೋಣ ಅಂತ ಹೊರಟಾಗ ಹುಟ್ಟಿದ್ದು 9ಡಿ. ಉದ್ದ 87 ಮೀಟರ್ ಚಿಲ್ರೆ, ಅಗಲ ಏಳೂವರೆ ಮೀಟರ್, ನೀರ ಮೇಲೆ ತೂಕ 1610 ಟನ್, ಮುಳುಗಿದಾಗ 1799 ಟನ್. ಅಗಲ ಏಳೂವರೆ ಅಂದ ತಕ್ಷಣ ಒಳಗೆ ಆರಾಮಾಗಿ ಓಡಾಡಬಹುದು ಅಂದ್ಕೋಬೇಡಿ, ಜನ ಇರೋ ಒಳಗಿನ ಗಟ್ಟಿ ಕೊಳವೆ ಅದರ ಅತಿ ಅಗಲದ ಜಾಗದಲ್ಲೂ 4.4 ಮೀಟರೇ, ಅದರಲ್ಲೇ ಅರವತ್ತರ ಆಸುಪಾಸು ಜನ, ಬ್ಯಾಟ್ರಿ, ಟಾರ್ಪೆಡೊ (ನೀರೊಳಗೇ ಓಡಿ ಹೋಗಿ ಹಡಗಿಗೆ ಬಡಿದು ಸಿಡಿಯೋ ಆಯುಧ), ಅಡುಗೆಮನೆ ಎಲ್ಲಾ. ಉಳಿದ ಅಗಲ ಹೊರಗಿನ ಚಿಪ್ಪಿಂದು. ಎರಡರ ಮಧ್ಯದ ಜಾಗದಲ್ಲಿ ಮುಳುಗೋಕೆ ನೀರು ತುಂಬೋ ಟ್ಯಾಂಕು, ಡೀಸಲ್ ಟ್ಯಾಂಕು. ಡೀಸಲ್ ಖಾಲಿಯಾಗ್ತಾ ಹೋದ ಹಾಗೆ ಕೆಳಗಿಂದ ಸಮುದ್ರದ ನೀರು ಬಂದು ಆ ಜಾಗ ತುಂಬುತ್ತೆ, ಎಣ್ಣೆ ಹಗುರ ಅಲ್ವಾ, ಮೇಲೇ ತೇಲ್ತಿರುತ್ತೆ. ನೀರು ಎಣ್ಣೆಗಿಂತ ಭಾರ ಆಗಿರೋದ್ರಿಂದ ಓಡಿದಷ್ಟೂ ಸಬ್‌ಮರೀನ್ ಭಾರ ಆಗ್ತಾ ಹೋಗುತ್ತೆ, ಚೀಫ್ ಇಂಜಿನಿಯರ್ ದಿನಾ ಲೆಕ್ಕ ಹಾಕಿ ಸರಿದೂಗಿಸ್ತಾ ಇರ್ಬೇಕು, ಒಂದಿನ ಲೆಕ್ಕ ತಪ್ಪಿದ್ರೆ ಮುಳುಗೋವಾಗ ಅದರ ಪರಿಣಾಮ ಗೊತ್ತಾಗುತ್ತೆ.

ಈ 9ಡಿಗೆ ಎರಡು ದಾರಿ ಇಟ್ಕೊಂಡ್ರು. 9ಡಿ2 ಅನ್ನೋದಕ್ಕೆ 9ಸಿಲಿ ಇದ್ದ ಹಾಗೇ ಮ್ಯಾನ್ ಕಂಪನಿದು ಒಂಬತ್ತು ಸಿಲಿಂಡರ್‌ನ ಎರಡು ದೊಡ್ಡ ಇಂಜಿನ್ ಕೂರಿಸಿ, ದೂರದ ಪ್ರಯಾಣದಲ್ಲಿ ಮೆಲ್ಲಗೆ ಓಡೋಕೆ ಅಂತ ಜೊತೆಗೆ ಎರಡು ಸಣ್ಣ ಡೀಸಲ್ ಕೊಟ್ರು. 9ಡಿ1 ಅನ್ನೋದಕ್ಕೆ, ಅಂದ್ರೆ ನಮ್ಮ ಯು-180ಗೆ, ವೇಗ ಬೇಕು ಅಂತ ಹೇಳಿ ಮರ್ಸಿಡಿಸ್ ಬೆಂಜ್‌ನ ಎಂಬಿ 501 ಅನ್ನೋ ಇಂಜಿನ್ ಹಾಕಿದ್ರು. ಒಂದಲ್ಲ, ಎರಡಲ್ಲ, ಆರು. ಒಂದೊಂದಕ್ಕೂ ಇಪ್ಪತ್ತು ಸಿಲಿಂಡರ್, ಒಟ್ಟು 120 ಸಿಲಿಂಡರ್! ಈ ಇಂಜಿನ್ ಮಾಡಿದ್ದು ಸಬ್‌ಮರೀನ್‌ಗಲ್ಲ, ಟಾರ್ಪೆಡೊ ಬೋಟ್‌ಗೆ, ಅಂದ್ರೆ ಇಂಗ್ಲಿಷ್ ಚಾನೆಲ್‌ನಲ್ಲಿ ರಾತ್ರಿ ಹೊತ್ತು ಸರ್ರಂತ ಬಂದು ಟಾರ್ಪೆಡೊ ಬಿಟ್ಟು ಬೆಳಗಾಗೋದ್ರೊಳಗೆ ವಾಪಸ್ ಓಡೋ ಸಣ್ಣ ದೋಣಿಗಳಿಗೆ.

ಎರಡೂ ಇಂಜಿನ್‌ನ ಜಾತಿನೇ ಬೇರೆ. ಮ್ಯಾನ್ ಇಂಜಿನ್‌ನ ಸಿಲಿಂಡರ್ 40 ಸೆಂಟಿಮೀಟರ್ ಅಗಲ, ಪಿಸ್ಟನ್ ಓಡೋ ದೂರ 46 ಸೆಂಟಿಮೀಟರ್, ನಿಮಿಷಕ್ಕೆ ಹೆಚ್ಚೂಕಮ್ಮಿ 470 ಸುತ್ತು, ಧಪ್ ಧಪ್ ಅಂತ ತಿಂಗಳುಗಟ್ಲೆ ಓಡುತ್ತೆ. ಎಂಬಿ 501ರ ಸಿಲಿಂಡರ್ 18.5 ಸೆಂಟಿಮೀಟರ್, ಪಿಸ್ಟನ್ 25 ಸೆಂಟಿಮೀಟರ್ ಓಡುತ್ತೆ, ಸುತ್ತು ನಿಮಿಷಕ್ಕೆ 1500ರ ಹತ್ರ. ಸಬ್‌ಮರೀನ್‌ನಲ್ಲಿ ಒಂದೊಂದು ಇಂಜಿನ್ 1500 ಕುದುರೆಶಕ್ತಿ ಅಂತ ಲೆಕ್ಕ, ಆರೂ ಸೇರಿ 9000. ಮ್ಯಾನ್ ಜೋಡಿದು 4400, ಅಂದ್ರೆ ಅದರ ಎರಡು ಪಟ್ಟು! ಮೂರು ಮೂರು ಇಂಜಿನ್‌ನ ಗೇರ್ ಮೂಲಕ ಪ್ರೊಪೆಲ್ಲರ್ ತಿರುಗಿಸೋ ಒಂದೊಂದು ಶಾಫ್ಟಿಗೆ ಸೇರಿಸಿದ್ರು. ಕಾಗದದ ಮೇಲೆ ಬಹಳ ಚೆನ್ನಾಗಿದೆ, ನೀರ ಮೇಲೆ 20.8 ನಾಟ್, ಅಂದ್ರೆ ಗಂಟೆಗೆ ಸುಮಾರು 38 ಕಿಲೋಮೀಟರ್, ಓಡುತ್ತೆ ಅಂತ ಬರೆದ್ರು, ಆ ಕಾಲದ ಜರ್ಮನ್ ಸಬ್‌ಮರೀನ್‌ಗೆ ಅದು ದೊಡ್ಡ ನಂಬರ್. ಸಮುದ್ರಕ್ಕಿಳಿದ ಮೇಲೆ ಆಗಿದ್ದು ಕಂಬಳದ ಕೋಣನ ತಂದು ಬೆಳಗಿಂದ ಸಂಜೆವರೆಗೂ ನೇಗಿಲಿಗೆ ಕಟ್ಟಿದ ಹಾಗೆ. ಇಂಜಿನ್ ರೂಮ್ ಕಾದು ಕೆಂಡ. ಎಣ್ಣೆ ಕುಡಿಯೋದು ಜಾಸ್ತಿ. ಎಲ್ಲಕ್ಕಿಂತ ಕೆಟ್ಟದ್ದು ಹೊಗೆ, ಹಗಲು ಹೊತ್ತಲ್ಲಿ ದೂರದಿಂದಾನೇ ಕಾಣೋ ಅಷ್ಟು ಹೊಗೆ. ಸಬ್‌ಮರೀನ್ ಅನ್ನೋದರ ಉದ್ದೇಶವೇ ಕಣ್ಣಿಗೆ ಬೀಳದೆ ಇರೋದು, ಅದು ಇಂಥ ಜಾಗದಲ್ಲಿ ಇದೀನಿ ಅಂತ ಆಕಾಶದಲ್ಲಿ ಬರೆದಿಟ್ರೆ ಏನ್ ಮಾಡೋದು ಹೇಳಿ.

ಒಳಗೆ ಆಯುಧಕ್ಕೇನೂ ಕಮ್ಮಿ ಇರ್ಲಿಲ್ಲ, ಮುಂದೆ ನಾಲ್ಕು ಹಿಂದೆ ಎರಡು ಟಾರ್ಪೆಡೊ ಟ್ಯೂಬ್, 24 ಟಾರ್ಪೆಡೊ, ಡೆಕ್ ಮೇಲೆ 10.5 ಸೆಂಟಿಮೀಟರ್ ಫಿರಂಗಿ.

ಈಗ ನೀರೊಳಗೇ ಇದ್ರಾ ಅನ್ನೋ ಪ್ರಶ್ನೆ. ಇದು ಬಹಳ ಜನಕ್ಕಿರೋ ತಪ್ಪು ತಿಳುವಳಿಕೆ. ಆ ಕಾಲದ ಸಬ್‌ಮರೀನ್ ನಿಜ ಅರ್ಥದಲ್ಲಿ ಮುಳುಗೋಕೆ ಬರೋ ಹಡಗು ಅಷ್ಟೇ, ಈಗಿನ ನ್ಯೂಕ್ಲಿಯರ್ ಸಬ್‌ಮರೀನ್ ತರ ಅಲ್ಲ. ಡೀಸಲ್‌ಗೆ ಗಾಳಿ ಬೇಕು, ಹಾಗಾಗಿ ಡೀಸಲ್ ಓಡೋದು ನೀರ ಮೇಲೆ ಇದ್ದಾಗ ಮಾತ್ರ. ಮುಳುಗಿದ ಮೇಲೆ ಬ್ಯಾಟ್ರಿ, ಎಲೆಕ್ಟ್ರಿಕ್ ಮೋಟಾರ್. ಯು-180 ಮುಳುಗಿದಾಗ ಹೆಚ್ಚಂದ್ರೆ 6.9 ನಾಟ್, ಅದೂ ಹಾಗೆ ಓಡಿಸಿದ್ರೆ ಬ್ಯಾಟ್ರಿ ಬೇಗ ಬರಿದಾಗೋಗುತ್ತೆ, ಸೈಕಲ್ ಸ್ಪೀಡಿಗಿಂತ ಕಮ್ಮಿಲಿ ತೆವಳಿದ್ರೆ ಒಂದಷ್ಟು ಹೊತ್ತು ಬರುತ್ತೆ. ಆಮೇಲೆ ಮೇಲೆ ಬಂದು ಡೀಸಲ್ ಹಾಕಿ ಚಾರ್ಜ್ ಮಾಡ್ಲೇಬೇಕು. ವಿಮಾನದ ಭಯ ಇರೋ ಕಡೆ ಹಗಲು ಮುಳುಗಿ ರಾತ್ರಿ ಮೇಲೆ, ನಡು ಸಮುದ್ರದಲ್ಲಿ ಹೆಚ್ಚು ಹೊತ್ತು ಮೇಲೇ. ಗೋಪುರದ ಮೇಲೆ ನೇತಾಜಿ ಗಾಳಿಗೆ ನಿಂತಿರೋ ಫೋಟೋ ನೀವು ನೋಡಿರ್ತೀರಾ, ಅದು ಸಾಧ್ಯ ಆಗಿದ್ದೂ ಇದಕ್ಕೇ.

ಸಬ್‌ಮರೀನೇ ಯಾಕೆ, ವಿಮಾನ ಇರ್ಲಿಲ್ವಾ ಅಂತಾನೂ ಕೆಲವರು ಕೇಳ್ತಾರೆ. 1942ರ ಜೂನ್ ಕೊನೆ, ಜುಲೈನಲ್ಲಿ ಇಟಲಿಯವರ ಒಂದು ವಿಮಾನ ಸೋವಿಯತ್ ಆಕಾಶ ದಾಟಿ ಟೋಕಿಯೋಗೆ ಹೋಗಿ ಬಂದಿತ್ತು. ಅದಕ್ಕೆ ಜಪಾನಿಗಳಿಗೆ ಸಿಟ್ಟು ಬಂತು, ಯಾಕಂದ್ರೆ ಅವರಿಗೂ ಸೋವಿಯತ್‌ಗೂ ಆಗ ಯುದ್ಧ ಇರ್ಲಿಲ್ಲ, ಸುಮ್ನೆ ಕೆಣಕೋದು ಬೇಡ ಅಂತ. ಹಡಗಲ್ಲಿ ಹೋಗೋಣ ಅಂದ್ರೆ ಬ್ರಿಟಿಷರ ಕಾವಲು. ಉಳಿದಿದ್ದು ಇದೊಂದೇ.

1943ರ ಫೆಬ್ರವರಿ 9ಕ್ಕೆ ಜರ್ಮನಿಯ ಕೀಲ್ ಅನ್ನೋ ಊರಿನ ಬಂದರಿಂದ ಹೊರಟ್ರು. ಬೋಸ್, ಜೊತೆಗೆ ಹೈದರಾಬಾದಿನ ಆಬಿದ್ ಹಸನ್, ಬರ್ಲಿನ್‌ನಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಹುಡುಗ, ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿದ್ದವರು. ಕಮಾಂಡರ್ ವೆರ್ನರ್ ಮುಸೆನ್‌ಬೆರ್ಗ್. ಇವರು ನಾರ್ವೆಗೆ ಹೋಗೋ ಇಂಜಿನಿಯರ್‌ಗಳು ಅಂತ ಸಿಬ್ಬಂದಿಗೆ ಮೊದ್ಲು ಹೇಳಿದ್ರಂತೆ, ನಾರ್ವೆ ಹಿಂದೆ ಬಿದ್ದು ಸಬ್‌ಮರೀನ್ ದಕ್ಷಿಣಕ್ಕೆ ತಿರುಗಿದ ಮೇಲೆ ಯಾರು ಅದನ್ನ ನಂಬ್ತಾರೆ. ಮೂರು ತಿಂಗಳೂ ತುಂಬದ ಮಗಳು ಅನಿತಾ, ಹೆಂಡ್ತಿ ಎಮಿಲಿನ ಬಿಟ್ಟು ಹೊರಟಿದ್ರು ಬೋಸ್, ಮತ್ತೆ ಅವರನ್ನ ನೋಡ್ಲಿಲ್ಲ.

ಒಳಗಿನ ಜೀವನದ ಬಗ್ಗೆ ಗೊತ್ತಿರೋದು ಹೆಚ್ಚಾಗಿ ಹಸನ್ ಹೇಳಿದ್ದರಿಂದ. ಮೊದಲ ನೆನಪೇ ಡೀಸಲ್ ವಾಸನೆ, ಕಂಬಳಿಯಿಂದ ಹಿಡಿದು ಬ್ರೆಡ್‌ವರೆಗೆ ಎಲ್ಲದರಲ್ಲೂ. ಜರ್ಮನ್ ಊಟ ಬೋಸ್‌ಗೆ ಸೇರ್ತಿರ್ಲಿಲ್ಲ, ಹಸನ್ ಉಗ್ರಾಣ ತಡಕಾಡಿ ಒಂದು ಮೂಟೆ ಅಕ್ಕಿ, ಒಂದಿಷ್ಟು ಬೇಳೆ ಹುಡುಕಿ ತೆಗೆದ್ರಂತೆ. ಹಗಲೆಲ್ಲಾ ಬೋಸ್ ಹೇಳ್ತಾ ಹೋಗೋದು, ಹಸನ್ ಬರ್ಕೊಳ್ಳೋದು: ಭಾಷಣ, ಪುಸ್ತಕದ ತಿದ್ದುಪಡಿ, ಮುಂದೆ ಕಟ್ಟೋ ಸೈನ್ಯದ ಪ್ಲಾನು. ಒಮ್ಮೆ ಶತ್ರು ಹಡಗು ಎದುರಾಗಿ ಗುದ್ದಿ ಮುಳುಗಿಸೇ ಬಿಡುತ್ತೆ ಅನ್ನೋ ಪರಿಸ್ಥಿತಿ ಬಂದಾಗ ಹಸನ್ ಕೈ ನಡುಗಿ ಪೆನ್ನು ನಿಂತೋಯ್ತು, ಬೋಸ್ ಮಾತ್ರ ಎರಡು ಸಲ ಹೇಳಿದ್ರೂ ಯಾಕೆ ಬರ್ಕೊಳ್ಳಲಿಲ್ಲ ಅಂತ ಕೇಳಿದ್ರು ಅಂತ ಅವರೇ ಹೇಳ್ಕೊಂಡಿದ್ದಾರೆ.

ಏಪ್ರಿಲ್ 18ಕ್ಕೆ ದಕ್ಷಿಣ ಆಫ್ರಿಕಾದ ಆಚೆ ಸಮುದ್ರದಲ್ಲಿ ಯು-180 ಬ್ರಿಟಿಷರ ಕಾರ್ಬಿಸ್ ಅನ್ನೋ ಎಣ್ಣೆ ಟ್ಯಾಂಕರ್‌ನ ಮುಳುಗಿಸ್ತು, 8132 ಟನ್ನಿಂದು. ಅದರಲ್ಲಿದ್ದ ಹೆಚ್ಚಿನವರು ಬದುಕಲಿಲ್ಲ. ನಮ್ಮ ವಿಡಿಯೋಗಳಲ್ಲಿ ಇದನ್ನ ಶೌರ್ಯದ ಸೀನ್ ತರ ತೋರಿಸ್ತಾರೆ, ನಂಗದು ಹಿಡಿಸಲ್ಲ. ಬ್ರಿಟಿಷ್ ವ್ಯಾಪಾರಿ ಹಡಗುಗಳ ಕೆಳಗಿನ ಕೆಲಸಕ್ಕೆ ಆಗ ಸಾವಿರಾರು ಭಾರತೀಯರು ಸೇರಿದ್ರು, ಲಸ್ಕರ್ ಅಂತ ಕರೀತಿದ್ರಲ್ಲ ಅವರು. ಜರ್ಮನ್ ಟಾರ್ಪೆಡೊಗಳಿಗೆ ಸತ್ತವರಲ್ಲಿ ಅವರೂ ಬಹಳ ಜನ ಇದ್ದಾರೆ, ಇದನ್ನ ಮರೆತು ಸಬ್‌ಮರೀನ್ ಕಥೆ ಹೇಳ್ಬಾರದು.

ನೇರ ಜಪಾನ್‌ಗೆ ಯಾಕೆ ಬಿಡ್ಲಿಲ್ಲ ಅಂದ್ರೆ, ಎಣ್ಣೆ ಒಂದು ಕಾರಣ ಅಂತ ಈಗ ನಿಮಗೇ ಹೊಳೆದಿರುತ್ತೆ, ಆ ಆರು ಇಂಜಿನ್ ಇಟ್ಕೊಂಡು ಅಷ್ಟು ದೂರ ಹೋಗಿ ವಾಪಸ್ ಬರೋದು ಆಗದ ಮಾತು. ಎರಡನೇದು, ದಾರಿ ಅರ್ಧ ಅರ್ಧ ಹಂಚ್ಕೊಂಡ್ರೆ ಎರಡೂ ಕಡೆಯ ಸರಕು ಕೂಡ ಅದಲು ಬದಲು ಆಗುತ್ತೆ. ಜಪಾನ್‌ನ ಐ-29 ಅನ್ನೋ ಸಬ್‌ಮರೀನ್ ಪೆನಾಂಗ್‌ನಿಂದ ಹೊರಟು ಬಂತು. ಏಪ್ರಿಲ್ 26ಕ್ಕೆ ಮಡಗಾಸ್ಕರ್ ಆಚೆಗೆ ಎರಡೂ ಒಂದನ್ನೊಂದು ಕಂಡ್ವು. ಆದ್ರೆ ಸಮುದ್ರ ರೌದ್ರಾವತಾರ, ಪಕ್ಕಕ್ಕೆ ಬರೋಕೇ ಆಗ್ತಿಲ್ಲ, ಅಲೆ ಇಳೀಲಿ ಅಂತ ಎರಡೂ ಜೊತೆಜೊತೆಗೇ ಓಡ್ತಾ ಕಾದ್ವು. ಕೊನೆಗೆ 28ಕ್ಕೆ ಹಗ್ಗ ಕಟ್ಟಿ, ರಬ್ಬರ್ ದೋಣಿಲಿ ಬೋಸ್ ಮತ್ತೆ ಹಸನ್ ಮೈಯೆಲ್ಲಾ ತೊಯ್ಸ್ಕೊಂಡು ಆ ಕಡೆ ದಾಟಿದ್ರು. ಕೀಲ್ ಬಿಟ್ಟು 78 ದಿನ ಆಗಿತ್ತು. ಎರಡು ಬೇರೆ ಬೇರೆ ದೇಶದ ಸಬ್‌ಮರೀನ್ ಮಧ್ಯೆ ನಡು ಸಮುದ್ರದಲ್ಲಿ ಸೈನಿಕರಲ್ಲದವರು ದಾಟಿದ್ದು ಆ ಯುದ್ಧದಲ್ಲಿ ಇದೊಂದೇ ಸಲ ಅಂತ ಬರೀತಾರೆ.

ಐ-29 ಸುಮಾರು 109 ಮೀಟರ್ ಉದ್ದ, ಯು-180ಗಿಂತ ಎಷ್ಟೋ ದೊಡ್ಡದು, ಸಣ್ಣ ವಿಮಾನ ಇಡೋ ಜಾಗ ಕೂಡ ಇತ್ತು ಅದರಲ್ಲಿ. ಕ್ಯಾಪ್ಟನ್ ತೆರಾವೊಕ ತಮ್ಮ ಕ್ಯಾಬಿನ್ನೇ ಬಿಟ್ಕೊಟ್ರು, ಅತಿಥಿಗಳಿಗೆ ಅಂತ ಪೆನಾಂಗ್‌ನಲ್ಲೇ ಮಸಾಲೆ ಸಾಮಾನು ಕೊಂಡಿಟ್ಕೊಂಡಿದ್ರಂತೆ, ಮಾರನೇ ದಿನ ಅವರ ಚಕ್ರವರ್ತಿ ಹುಟ್ಟುಹಬ್ಬದ ಊಟ ಬೇರೆ. ಮೇ 6ಕ್ಕೆ ಸುಮಾತ್ರಾ ತುದಿಯ ಸಬಾಂಗ್‌ನಲ್ಲಿ ಇಳಿಸಿದ್ರು, ಅಲ್ಲಿಂದ ವಿಮಾನದಲ್ಲಿ ಟೋಕಿಯೋ. ಅಲ್ಲಿಂದ ಮುಂದಿನದು ಆಜಾದ್ ಹಿಂದ್ ಫೌಜ್ ಕಥೆ, ಅದು ನಿಮಗೆ ಗೊತ್ತಿರೋದೇ.

ಇತ್ತ ಯು-180ಗೆ ಬದಲಿಗೆ ಸಿಕ್ಕಿದ್ದು ಇಬ್ಬರು ಜಪಾನಿ ನೌಕಾ ಅಧಿಕಾರಿಗಳು, ಆಯುಧಗಳ ಸ್ಯಾಂಪಲ್, ಮತ್ತೆ ಬರ್ಲಿನ್‌ನ ಜಪಾನಿ ರಾಯಭಾರ ಕಚೇರಿಗೆ ಅಂತ ಎರಡು ಟನ್ ಚಿನ್ನ! ಆ ಇಬ್ಬರಲ್ಲಿ ಒಬ್ಬರು ತೊಮೊನಾಗ ಹಿದೆಒ, ಸಬ್‌ಮರೀನ್ ಡಿಸೈನರ್, ಮುಳುಗಿದ ಸಬ್‌ಮರೀನ್‌ನ ಒಂದೇ ಆಳದಲ್ಲಿ ತಾನಾಗೇ ನಿಲ್ಲಿಸೋ ವ್ಯವಸ್ಥೆ ಕಂಡುಹಿಡಿದವರು. ಎರಡು ವರ್ಷ ಆದ್ಮೇಲೆ ಯು-234 ಅನ್ನೋ ಇನ್ನೊಂದು ಜರ್ಮನ್ ಸಬ್‌ಮರೀನ್‌ನಲ್ಲಿ ಊರಿಗೆ ಹೊರಟಿದ್ರು, ದಾರಿ ಮಧ್ಯ ಜರ್ಮನಿ ಶರಣಾಯ್ತು, ಆ ಸಬ್‌ಮರೀನ್ ಅಮೆರಿಕನ್ನರಿಗೆ ಶರಣಾಗೋಕೆ ತಿರುಗಿದಾಗ ಅವರೂ ಜೊತೆಗಿದ್ದ ಇನ್ನೊಬ್ಬ ಅಧಿಕಾರಿಯೂ ನಿದ್ದೆ ಮಾತ್ರೆ ನುಂಗಿ ಪ್ರಾಣ ಬಿಟ್ರು. ನಮ್ಮ ಕಡೆ ಯು-180 ಬಗ್ಗೆ ಬರೆಯೋರು ಯಾರೂ ಅವರ ಹೆಸರೇ ಎತ್ತಲ್ಲ.

ವಾಪಸ್ ಬರೋವಾಗ ಜೂನ್ 3ಕ್ಕೆ ಬೋರಿಸ್ ಅನ್ನೋ 5166 ಟನ್ನಿನ ಗ್ರೀಕ್ ಹಡಗನ್ನ ಮುಳುಗಿಸಿ, ಜುಲೈ ಮೊದಲ ವಾರದಲ್ಲಿ ಫ್ರಾನ್ಸಿನ ಬೋರ್ಡೋ ಬಂದರು ಸೇರಿದ್ರು. ಯುದ್ಧ ನೌಕೆಯಾಗಿ ಅದರ ಸಂಪಾದನೆ ಇಷ್ಟೇ, ಎರಡು ಹಡಗು, 13,298 ಟನ್. ಈಗ ಪಕ್ಕದ ನಂಬರ್ ನೋಡಿ. ಯು-181, ಅದೇ ಯಾರ್ಡು, ಅದೇ ಕಾಲ, ಹೊರಗಿನ ಅಳತೆ ಕೂಡ ಹೆಚ್ಚೂಕಮ್ಮಿ ಒಂದೇ, ಆದ್ರೆ 9ಡಿ2, ಅಂದ್ರೆ ಮ್ಯಾನ್ ಇಂಜಿನ್. ಅದು 27 ಹಡಗು ಮುಳುಗಿಸ್ತು, 1943ರಲ್ಲಿ ವೋಲ್ಫ್‌ಗಾಂಗ್ ಲ್ಯೂಟ್ ಕೈಲಿ ಒಂದೇ ಸಲಕ್ಕೆ 206 ದಿನ ಸಮುದ್ರದಲ್ಲಿತ್ತು. ಕಮಾಂಡರ್ ಕೈಚಳಕ, ಅದೃಷ್ಟ ಎಲ್ಲಾ ಇರುತ್ತೆ, ಇಂಜಿನ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಯು-180ಗೆ ಕೊಟ್ಟಿದ್ದ ಕೆಲಸಾನೂ ಬೇರೆ, ಜನ ಸಾಗಿಸೋದು. ಆದ್ರೆ 206 ದಿನ ಓಡೋ ಯೋಗ್ಯತೆ ಆ ಎಂಬಿ 501ಗಳಿಗೆ ಇರ್ಲಿಲ್ಲ ಅನ್ನೋದಂತೂ ಖಂಡಿತ. ಇದು ನನ್ನೊಬ್ಬನ ಮಾತಲ್ಲ, ಜರ್ಮನ್ ನೌಕಾಪಡೆನೇ ಒಪ್ಪಿಕೊಂಡ ಮಾತು: ಆ ಮೊದಲ ಪ್ರಯಾಣ ಮುಗಿಸಿ ಬಂದ ಮೇಲೆ 1943ರ ಸೆಪ್ಟೆಂಬರ್ 30ಕ್ಕೆ ಅದನ್ನ ಸೇವೆಯಿಂದ ಇಳಿಸಿ ಆರೂ ಇಂಜಿನ್ ಕಿತ್ತು ಹಾಕಿದ್ರು.

ಬದಲಿಗೆ ಕೂರಿಸಿದ್ದು ಟೈಪ್ 7ರಲ್ಲಿ ಬಳಸ್ತಿದ್ದ ಜಾತಿಯ ಆರಾರು ಸಿಲಿಂಡರ್‌ನ ಎರಡು ಸಾದಾ ಇಂಜಿನ್. ವೇಗ 20.8ರಿಂದ 15.8 ನಾಟ್‌ಗೆ ಇಳೀತು. ಟಾರ್ಪೆಡೊ ಟ್ಯೂಬ್ ತೆಗೆದ್ರು, 252 ಟನ್ ಸರಕು ಹೊರೋ ಗೂಡ್ಸ್ ಗಾಡಿ ಮಾಡಿದ್ರು. ಅಷ್ಟೊತ್ತಿಗೆ ಜರ್ಮನಿಗೆ ಪೂರ್ವದಿಂದ ರಬ್ಬರ್, ತವರ, ಟಂಗ್‌ಸ್ಟನ್ ತರೋಕೆ ಹಡಗಿನ ದಾರಿ ಪೂರ್ತಿ ಮುಚ್ಚಿ ಹೋಗಿತ್ತು, ಅದಕ್ಕೇ ಈ ಅವತಾರ.

1944ರ ಏಪ್ರಿಲ್‌ನಲ್ಲಿ ಮತ್ತೆ ಸೇವೆಗೆ, ಹೊಸ ಕಮಾಂಡರ್ ರೋಲ್ಫ್ ರೀಸನ್. ಆಗಸ್ಟ್ ಹೊತ್ತಿಗೆ ಮಿತ್ರಪಡೆಗಳು ನಾರ್ಮಂಡಿಯಿಂದ ಒಳಗೆ ನುಗ್ತಾ ಇದ್ವು, ಬೋರ್ಡೋ ಖಾಲಿ ಮಾಡೋ ಗಡಿಬಿಡಿ, ಆಗಸ್ಟ್ 20ಕ್ಕೆ ಯು-180, ಯು-195 ಎರಡೂ ಪೂರ್ವಕ್ಕೆ ಅಂತ ಹೊರಟ್ವು. ಬಿಸ್ಕೆ ಕೊಲ್ಲಿ ದಾಟೋದ್ರೊಳಗೇ ಯು-180 ಕಾಣೆ. 56 ಜನ, ಒಬ್ಬರೂ ಉಳೀಲಿಲ್ಲ. ಬಂದರಿನ ಬಾಯಿಗೆ ಬ್ರಿಟಿಷ್ ವಿಮಾನಗಳು ಹಾಕಿದ್ದ ಮೈನ್, ಅಂದ್ರೆ ನೀರಲ್ಲಿ ಬಿಟ್ಟಿಡೋ ಬಾಂಬು, ತಗುಲಿ 22-23ನೇ ತಾರೀಕಿನ ಹೊತ್ತಿಗೆ ಮುಳುಗಿರ್ಬೇಕು ಅಂತ ಬಹಳ ವರ್ಷ ಬರೀತಾ ಬಂದ್ರು. ಸಾಕ್ಷಿ ಹೇಳೋಕೆ ಯಾರೂ ಉಳಿದಿಲ್ಲ, ದಾಳಿ ಮಾಡಿದ್ವಿ ಅಂತ ಮಿತ್ರಪಡೆಯ ದಾಖಲೆಲೂ ಸಿಗಲ್ಲ, ಹಾಗಾಗಿ ಸ್ನಾರ್ಕೆಲ್ ಅಂತ ಆಗಷ್ಟೇ ಬಂದಿದ್ದ, ಮುಳುಗಿದ್ದಾಗಲೂ ಡೀಸಲ್ ಓಡಿಸೋಕೆ ಮೇಲಿಂದ ಗಾಳಿ ಎಳೆಯೋ ಕೊಳವೆ ಕೈಕೊಟ್ಟಿರಬಹುದು ಅನ್ನೋರೂ ಇದ್ದಾರೆ. ಸಾಧ್ಯತೆ ಇಲ್ಲದಿಲ್ಲ: ಕೊಳವೆ ಬಾಯಿ ಅಲೆಗೆ ಮುಚ್ಚಿಕೊಂಡ್ರೆ ಇಂಜಿನ್ ಸಬ್‌ಮರೀನ್ ಒಳಗಿನ ಗಾಳಿನೇ ಎಳೆಯೋಕೆ ಶುರು ಮಾಡುತ್ತೆ, ಹೊಗೆ ಒಳಗೇ ತುಂಬುತ್ತೆ.

ಅವಳಿ ಯು-195 ಮಾತ್ರ ಪಾರಾಗಿ ಡಿಸೆಂಬರ್‌ನಲ್ಲಿ ಬಟಾವಿಯಾ, ಅಂದ್ರೆ ಈಗಿನ ಜಕಾರ್ತಾ ಮುಟ್ತು. ಜರ್ಮನಿ ಸೋತ ಮೇಲೆ ಜಪಾನಿಗಳು ಅದನ್ನ ವಶಕ್ಕೆ ತಗೊಂಡು ಐ-506 ಅಂತ ಹೆಸರಿಟ್ರು, 1945ರ ಆಗಸ್ಟಲ್ಲಿ ಸುರಬಾಯಾದಲ್ಲಿ ಶರಣಾಯ್ತು. ಬೋಸ್‌ನ ಹತ್ತಿಸ್ಕೊಂಡ ಐ-29 ಅಷ್ಟು ದಿನ ಉಳೀಲಿಲ್ಲ, 1944ರ ಮಾರ್ಚಲ್ಲಿ ಫ್ರಾನ್ಸ್‌ವರೆಗೂ ಹೋಗಿ ಜೆಟ್ ಮತ್ತೆ ರಾಕೆಟ್ ವಿಮಾನದ ನಕ್ಷೆ ತರ್ತಿತ್ತು, ಜುಲೈ 26ಕ್ಕೆ ಫಿಲಿಪ್ಪೀನ್ಸ್ ಹತ್ರ ಅಮೆರಿಕದ ಸಾಫಿಶ್ ಸಬ್‌ಮರೀನ್‌ನ ಟಾರ್ಪೆಡೊಗೆ ಬಲಿ ಆಯ್ತು.

ಕೊನೆಗೆ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಇಂಥದ್ದರ ಒಳಗೆ ಕಾಲಿಟ್ಟು ನೋಡೋ ಆಸೆ ಇದ್ರೆ ಅಮೆರಿಕದ ಶಿಕಾಗೋ ಸೈನ್ಸ್ ಮ್ಯೂಸಿಯಮ್ಮಲ್ಲಿ ಯು-505 ಇದೆ, 1944ರ ಜೂನ್‌ನಲ್ಲಿ ಅಮೆರಿಕನ್ನರು ಸಮುದ್ರದಲ್ಲೇ ಹಿಡಿದಿದ್ದು, 9ಸಿ ಜಾತಿದು. ಆ ಕಡೆ ಇರೋ ನಮ್ಮೋರು ಯಾರಾದ್ರೂ ಹೋದ್ರೆ ಟಾರ್ಪೆಡೊ ರೂಮಲ್ಲಿ ಫೋಟೋ ತೆಗೆಸ್ಕೊಂಡು ಹಾಗೇ ಬಂದ್ಬಿಡಬೇಡಿ, ಇಂಜಿನ್ ರೂಮಲ್ಲಿ ಎರಡು ಮ್ಯಾನ್ ಇಂಜಿನ್ ಮಧ್ಯದ ಓಣಿಲಿ ಎರಡು ನಿಮಿಷ ನಿಂತು, ಇದೇ ಅಗಲದಲ್ಲಿ ಎರಡರ ಬದಲು ಆರು ಇಂಜಿನ್ ಹೇಗೆ ತುರುಕಿರಬಹುದು ಅಂತ ಅಳೆದು ನೋಡಿ.